ಮರ್ಯಾದೆಯ ಚುಕ್ಕೆ

ಮರಾಠಿಯವರು ತಮ್ಮ ಮರ್ಯಾದೆಯನ್ನೆಲ್ಲ ಒಂದು ಚುಕ್ಕೆಯೊಳಗೆ ಅಡಗಿಸಿಟ್ಟಿದ್ದಾರೆ ಎಂಬ ಸತ್ಯ ಬಸವಲಿಂಗನಿಗೆ ತಿಳಿದದ್ದು ಪುಣೆಗೆ ಬಂದ ಮೇಲೆ. ಅವರ ಲಿಪಿಯಲ್ಲಿ 'ತ್ಯಾಚೆ' ಎಂದು ಬರೆದರೆ ಅವನದು. ಅದೇ ಅಕ್ಷರದ ನೆತ್ತಿಗೆ ಒಂದು ಚುಕ್ಕೆ ಇಟ್ಟರೆ 'ತ್ಯಾಂಚೆ', ಅಂದರೆ ಅವರದು. ಸಾಸಿವೆ ಕಾಳಿನಷ್ಟು ಮಸಿ, ಅಷ್ಟೇ! ಆ ಸಾಸಿವೆ ಕಾಳೇ ಈಗ ಅವನ ಸಂಸಾರಕ್ಕೆ ಮುಳುವಾಗಿ ಕೂತಿತ್ತು.

ಪುಣೆಯಂಚಿನ ನಿಗಡಿಯ ಒಂದು ಪಂಪ್ ಕಂಪನಿಯಲ್ಲಿ ಅವನು ಗುಮಾಸ್ತ. ಅವನ ಹಳೆಯ ಮಾನಿಟರಿನಲ್ಲಿ ಅಕ್ಷರಗಳು ನೆನೆದ ಅವಲಕ್ಕಿಯ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಚುಕ್ಕೆ ಇದೆಯೋ ಇಲ್ಲವೋ, ದೇವರೇ ಬಲ್ಲ. ಹೀಗಾಗಿ ದೊಡ್ಡ ದೊಡ್ಡ ಗಿರಾಕಿಗಳಿಗೆ ಏಕವಚನದಲ್ಲಿ ಪತ್ರ ಹೋಗುತ್ತಿತ್ತು. ಅವರು ಮಾಲೀಕ ಮಧುಕರ್ ಅವರಿಗೆ ಫೋನ್ ಮಾಡಿ ಉಗಿಯುತ್ತಿದ್ದರು. ಮಧುಕರ್ ಸೊಲ್ಲಾಪುರದವರು. ಕನ್ನಡ ಚೆನ್ನಾಗಿ ಬರುತ್ತಿತ್ತು, ಆದರೆ ಅದನ್ನು ಬೈಯುವುದಕ್ಕೆ ಮಾತ್ರ ಬಳಸುತ್ತಿದ್ದರು.

ಅಂದು ಬೆಳಿಗ್ಗೆ ಕರೆದು ಹೇಳಿದರು: "ನೋಡಪಾ, ಇವತ್ತ ಸಂಜೀಕ ಶಿರೂರಿನ ತಾತ್ಯಾ ಬರ್ತಾರ. ವರ್ಷದ ಆರ್ಡರು ಅವರ ಕೈಯಾಗ ಅದ. ಬಾಗಲಕ್ಕ ಸ್ವಾಗತದ ಫ್ಲೆಕ್ಸ್ ಆಗಬೇಕು. ಕಣ್ಣಿಗೆ ಹಿತ ಆಗೂವಂಥಾ ಚಲೋ ಮಾನಿಟರ್ ನೀನೇ ಆರಿಸಿ ತಗೊಂಡ್ ಬಾ. ಅದರಾಗೂ ಚುಕ್ಕಿ ತಪ್ಪಿತಂದ್ರ ನಿನ್ನ ಕುರಕುಂಭದ ಗೋದಾಮಿಗೆ ಒಗೀತೀನಿ, ತಿಳೀತಿಲ್ಲೋ?"

ಕುರಕುಂಭ ಇರುವುದು ಎಲ್ಲೋ ದೌಂಡಿನ ಹತ್ತಿರ, ರಾಸಾಯನಿಕ ಕಾರ್ಖಾನೆಗಳ ನಡುವೆ. ಬಸವಲಿಂಗನ ಹೆಂಡತಿ ಮಾಧುರಿಗೆ ನಿಗಡಿಯಲ್ಲೇ ಶಾಲೆಯ ಕೆಲಸ. ಅಲ್ಲಿಗೆ ಹೋದರೆ ವಾರಕ್ಕೊಮ್ಮೆ ಮನೆಯ ಮುಖ. ವಾರಕ್ಕೊಮ್ಮೆ ಬರುವ ಅಪ್ಪನಿಗೆ ಪುಟ್ಟ ಮಗಳು ನೆಂಟರಿಗೆ ಹೇಳಿದ ಹಾಗೆ 'ಬರ್ರಿ' ಅಂದುಬಿಟ್ಟರೆ? ಅದನ್ನು ನೆನೆದೇ ಅವನಿಗೆ ಅಳು ಬಂತು.

ಅಂಗಡಿಗೆ ಜೊತೆಯಾಗಿ ಬಂದವನು ಪುನೀತ, ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮಂಡ್ಯದವನು. "ಐಪಿಎಸ್ ಪ್ಯಾನೆಲ್ಲೇ ತಗೊಳ್ಳಿ ಸರ್, ಸೈಡಿಂದ ನೋಡಿದ್ರೂ ಕಲರ್ ಚೇಂಜ್ ಆಗಲ್ಲ. ಫ್ಲಿಕರ್ ಇರ್ಲೇಬಾರ್ದು, ಸಂಜೆ ಹೊತ್ಗೆ ಕಣ್ಣು ಉರಿಯುತ್ತೆ. ಆಮೇಲೆ ಸ್ಕ್ರೀನು ಕನ್ನಡಿ ಥರ ಹೊಳೀಬಾರ್ದು."

ಬಸವಲಿಂಗ ಎಲ್ಲಕ್ಕೂ ತಲೆಯಾಡಿಸಿದ. ಆದರೆ ಅವನ ಪರೀಕ್ಷೆಯೇ ಬೇರೆ. ಚುಕ್ಕೆಗಳೇ ತುಂಬಿದ ಒಂದು ಪುಟ ಮರಾಠಿಯನ್ನು ಇರುವೆ ಗಾತ್ರದ ಅಕ್ಷರಗಳಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದ. ಅಂಗಡಿಯವನು ಪರದೆಯ ಮೇಲೆ ಜಲಪಾತ ಹರಿಸಿದರೆ, "ಧಬಧಬಾ ನಕೋ, ಟಿಂಬ್ ದಾಖವಾ," ಅಂದ. ಜಲಪಾತ ಬೇಡ, ಚುಕ್ಕೆ ತೋರಿಸಿ! ಅಂಗಡಿಯವನು ಪುನೀತನ ಕಡೆ ತಿರುಗಿ, ಇವರು ಸರಿಯಾಗಿದ್ದಾರಾ ಎಂದು ಕಣ್ಣಲ್ಲೇ ಕೇಳಿದ.

ಕೊನೆಯ ಮಾನಿಟರಿನ ಮುಂದೆ ಬಸವಲಿಂಗ ನಿಂತವನು ನಿಂತೇ ಬಿಟ್ಟ. ಅಬ್ಬಾ! ಪ್ರತಿಯೊಂದು ಚುಕ್ಕೆಯೂ ಬಯಲುಸೀಮೆಯ ಅಮಾವಾಸ್ಯೆಯ ಆಕಾಶದಲ್ಲಿ ನಕ್ಷತ್ರ ನಿಂತ ಹಾಗೆ ತನ್ನ ತನ್ನ ಜಾಗದಲ್ಲಿ ನಿಂತಿತ್ತು. ಚಸ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಎಷ್ಟು ಹೊತ್ತು ನೋಡಿದರೂ ಕಣ್ಣು ತಂಪಾಗಿಯೇ ಇತ್ತು. ಇಷ್ಟು ವರ್ಷ ಅಕ್ಷರಗಳ ನೆರಳನ್ನೇ ಅಕ್ಷರ ಎಂದುಕೊಂಡಿದ್ದೆನಲ್ಲ ಎನ್ನುತ್ತ ಪರದೆಗೆ ಇನ್ನಷ್ಟು ಹತ್ತಿರ ಬಾಗಿದ.

ಆಫೀಸಿನಲ್ಲಿ ಅದನ್ನು ಹಚ್ಚಿದ್ದೇ ತಡ, ಜಾತ್ರೆ ನೆರೆಯಿತು. ಪರದೆಯ ಮೇಲೊಂದು ಹೂವು, ಹೂವಿನ ಮೇಲೆ ನೀರಿನ ಹನಿ. ಚಹಾ ಮಾಡುವ ಸಾವಂತ್ರವ್ವ ಅರಿವೆ ಹಿಡಿದು ಓಡಿಬಂದಳು.

"ನೀರ ಸಿಡದಾವಂತ ಒರಸಾಕ ಬಂದ್ನಿರಿ, ಯವ್ವಾ, ಇದು ಚಿತ್ರದಾಗಿಂದು! ಬಸಣ್ಣಾರ, ಇಷ್ಟು ಮಂದಿ ಕಣ್ಣ ಬಿದ್ದಾವು. ದೃಷ್ಟಿ ಆಗತೈತಿ ನೋಡ್ರಿ."

"ಕಣ್ಣಿಗೆ ಹಿತ ಆಗೂ ಮಾನಿಟರ್ ಅದ ಇದು, ಸಾವಂತ್ರವ್ವ. ಇದಕ್ಕ ಯಾರ ಕಣ್ಣೂ ತಾಕೂದಿಲ್ಲ," ಎಂದು ಅವನು ನಗುತ್ತ ಊಟಕ್ಕೆ ಎದ್ದ.

ಊಟ ಮುಗಿಸಿ ಬಂದು ಕೂತು, ಹಲಗೆಯಗಲದ ಅಕ್ಷರಗಳಲ್ಲಿ ಬರೆದ: 'ತಾತ್ಯಾಚೆ ಸ್ವಾಗತ'. ಇನ್ನೇನು ಚುಕ್ಕೆ ಒತ್ತಬೇಕು, ನೋಡುತ್ತಾನೆ, ಚುಕ್ಕೆ ಆಗಲೇ ಬಂದು ಕೂತಿದೆ! 'ತಾತ್ಯಾಂಚೆ'. ಕಪ್ಪಗೆ, ಗುಂಡಗೆ, ನೆತ್ತಿಯ ಮೇಲೆ ಸರಿಯಾಗಿ. ಮನುಷ್ಯ ಮರೆತರೂ ಯಂತ್ರ ಮರ್ಯಾದೆ ಮರೆಯುವುದಿಲ್ಲ! ಯಾರಿಗೂ ಕಾಣದ ಹಾಗೆ ಮಾನಿಟರಿಗೆ ಕೈಮುಗಿದು, ಕೆಳಗಿನ ಫ್ಲೆಕ್ಸ್ ಅಂಗಡಿಗೆ ಕಳಿಸಿಕೊಟ್ಟ.

ಫ್ಲೆಕ್ಸ್ ಬಂದದ್ದು ತಡವಾಗಿ. ಪುನೀತ ಏಣಿ ಹತ್ತಿ ಅದನ್ನು ಬಿಚ್ಚುವುದಕ್ಕೂ ತಾತ್ಯಾರ ಕಾರು ಗೇಟಿನೊಳಗೆ ಬರುವುದಕ್ಕೂ ಸರಿಹೋಯಿತು. ಮಧುಕರ್ ತಲೆಯೆತ್ತಿ ಓದಿದರು: 'ತಾತ್ಯಾಚೆ ಸ್ವಾಗತ'. ಊರಿಗೆ ದೊಡ್ಡವರಾದ ಮುದುಕರನ್ನು, ಅಷ್ಟಗಲದ ಅಕ್ಷರಗಳಲ್ಲಿ, ಬಾರೋ ಎಂದು ಕರೆದ ಹಾಗಿತ್ತು.

ಮಧುಕರ್ ಬಸವಲಿಂಗನ ತೋಳು ಹಿಡಿದು ಒಳಗೆ, ಮಾನಿಟರಿನ ಮುಂದಕ್ಕೆ ಎಳೆದರು. "ಚುಕ್ಕಿ ಎಲ್ಲೋ?"

"ಇಲ್ಲೇ ಅದರೀ ಸಾಹೇಬ್ರ, ನೋಡ್ರಿ!"

ಇತ್ತು. ಮಧುಕರ್ ಬೆಪ್ಪಾದರು. ಓಡಿಬಂದ ಪುನೀತ, "ಫ್ಲೆಕ್ಸ್‌ನವನೇ ತಿಂದಿರ್ಬೇಕು ಸರ್," ಎನ್ನುತ್ತ ಮೌಸಿನ ಚಕ್ರ ತಿರುಗಿಸಿದ. ಅಕ್ಷರಗಳು ಮೇಲೆ ಹೋದವು. ಚುಕ್ಕೆ ಹೋಗಲಿಲ್ಲ. ಖಾಲಿ ಬಿಳಿ ಪರದೆಯ ಮೇಲೆ ಒಂಟಿಯಾಗಿ ಕೂತೇ ಇತ್ತು.

"ಅಯ್ಯ, ಅದು ನಾ ಹಚ್ಚಿದ ಕಾಡಿಗಿ ಬೊಟ್ಟರಿ," ಎಂದಳು ಚಹಾದ ತಾಟು ಹಿಡಿದು ನಿಂತಿದ್ದ ಸಾವಂತ್ರವ್ವ. "ದೃಷ್ಟಿ ಆಗಬಾರದಂತ ಹಚ್ಚೀನಿ. ಇದಕ್ಕ ಗಲ್ಲ ಯಾವುದು, ಹಣಿ ಯಾವುದು ತಿಳೀಲಿಲ್ಲ."

"ಕುರಕುಂಭ!" ಎಂದು ಮಧುಕರ್ ಒಂದೇ ಶಬ್ದ ಉಸುರಿ ಹೊರಗೆ ಓಡಿದರು. ಬಸವಲಿಂಗ ಕಾಲೆಳೆಯುತ್ತ ಹಿಂದೆ ಹೋದ.

ತಾತ್ಯಾ ಫ್ಲೆಕ್ಸಿನ ಕೆಳಗೆ ನಿಂತಿದ್ದರು. ಅವರ ಕಣ್ಣು ತುಂಬಿತ್ತು.

"ನಮ್ಮವ್ವ ಹೋದ ಮೇಲೆ ನನ್ನನ್ನು ಹೀಗೆ ಯಾರೂ ಕರೆದಿಲ್ಲ," ಎಂದರು ಮರಾಠಿಯಲ್ಲಿ. "ಆರ್ಡರ್ ಬೇಕಾದವರೆಲ್ಲ ಚುಕ್ಕೆ ಇಡುತ್ತಾರೆ. ನಾವು ವಿಠೋಬನಿಗೂ ನೀನು ಅಂತಲೇ ಅಲ್ಲವೇ ಕರೆಯುವುದು? ಯಾರು ಇದನ್ನು ಬರೆದದ್ದು?"

"ನಾನೇ ಹೇಳಿ ಬರೆಸಿದ್ದು," ಎಂದರು ಮಧುಕರ್, ಕಣ್ಣೆವೆ ಮಿಟುಕಿಸದೆ. "ಬರೆದವನು ಈ ಬಸವಲಿಂಗ." ಆಮೇಲೆ ಅವನ ಕಿವಿಯಲ್ಲಿ ಕನ್ನಡದಲ್ಲಿ, "ಕುರಕುಂಭ ಕ್ಯಾನ್ಸಲ್," ಎಂದರು. ಅವರು ಬೈಯದೆ ಆಡಿದ ಮೊದಲ ಕನ್ನಡ ಅದು. ಬಸವಲಿಂಗನಿಗೆ ಹೋದ ಜೀವ ಮರಳಿ ಬಂದಂತಾಯಿತು.

ತಾತ್ಯಾ ಒಳಗೆ ಬಂದು ಕೂತು, ಚಹಾ ಕುಡಿದು, ವರ್ಷದ ಆರ್ಡರಿಗೆ ಸಹಿ ಹಾಕಿದರು. ಪೆನ್ನು ಮುಚ್ಚುತ್ತ ಅಂದರು: "ಮಧುಕರ್, ಒಂದೇ ಮಾತು. ಈ ಹುಡುಗನನ್ನು ನನಗೆ ಕೊಡು. ನನ್ನ ಹೊಸ ಕಾರ್ಖಾನೆಯಲ್ಲಿ ಲೆಕ್ಕ ಬಲ್ಲವರಿದ್ದಾರೆ, ಮನಸ್ಸು ಬಲ್ಲವರಿಲ್ಲ. ಇರಲು ಕೋಣೆ ಅಲ್ಲೇ ಕೊಡುತ್ತೇನೆ."

"ಧಾರಾಳವಾಗಿ ಕರೆದುಕೊಂಡು ಹೋಗಿ," ಎಂದರು ಮಧುಕರ್, ಆರ್ಡರಿನ ಕಾಗದವನ್ನು ಎದೆಗೆ ಅವಚಿಕೊಂಡು.

ಬಸವಲಿಂಗ, ಕಾರ್ಖಾನೆ ಎಲ್ಲಿದೆ ಎಂದು ಮೆಲ್ಲಗೆ ಕೇಳಿದ.

"ಕುರಕುಂಭಲಾ!" ಎಂದರು ತಾತ್ಯಾ. ಎದ್ದು ಬಂದು ಅವನ ಹೆಗಲ ಮೇಲೆ ಕೈಹಾಕಿ, ತುಂಬು ಪ್ರೀತಿಯಿಂದ, ಚುಕ್ಕೆ ಗಿಕ್ಕೆ ಏನೂ ಇಲ್ಲದೆ, ಬಾರೋ ಎಂದು ಕರೆದರು: "ಸೋಮವಾರೀ ಯೇ ರೇ, ಬಸ್ಯಾ."