ಗುರುಕೃಪಾ ಜನರಲ್ ಸ್ಟೋರ್ಸಿನ ಇನ್ನೊಂದು ಹೆಸರು

ಟೈಲರ್ ನಾಗರಾಜಪ್ಪ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡಿಯನ್ನು ತೆಗೆದು ಮಾತಾಡಿದ್ದೇ ಎಲ್ಲಕ್ಕೂ ಕಾರಣ. ಗುಂಡಿ ಬಾಯಲ್ಲೇ ಇದ್ದಿದ್ದರೆ ಪಕ್ಕದಂಗಡಿಯ ಗುರುಪ್ರಕಾಶ ಆ ದಿನ ಸುಮ್ಮನೆ ಬೆಲ್ಲ ಮಾರಿಕೊಂಡು ಸುಖವಾಗಿರುತ್ತಿದ್ದ.

"ಪ್ರಕಾಶಣ್ಣಾ, ಇವತ್ತು ಮಧ್ಯಾಹ್ನದ ಮ್ಯಾಲೆ ಶಿವಮೊಗ್ಗದಿಂದ ದೀಪಶ್ರೀ ಮೇಡಂ ಬರ್ತಾರಂತೆ ಕಣ್ರೀ. ಕಾಲೇಜಲ್ಲಿ ಹಿಸ್ಟರಿ ಹೇಳೋರು. ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಹಳೇ ಅಂಗಡಿಗಳ ಬಗ್ಗೆ ಬುಕ್ಕು ಬರೀತಾರಂತೆ. ನಿಮ್ ಅಂಗಡೀನೂ ಪಟ್ಟೀಲಿ ಐತಂತೆ."

ಗುರುಪ್ರಕಾಶನ ಎದೆ ಹೊಸ ಅಕ್ಕಿಮೂಟೆಯ ಹಾಗೆ ತುಂಬಿ ನಿಂತಿತು.

"ಆದ್ರೆ ಬೋರ್ಡು ನೋಡಿ ಬರಿಯಂಗಿಲ್ವಂತೆ. ಜನ ಬಾಯಲ್ಲಿ ಏನಂತಾರೋ ಅದೇ ಹೆಸರು ಹಾಕೋದಂತೆ."

ಮೂಟೆಗೆ ಇಲಿ ಬಿತ್ತು. ಎದೆ ಸುರಿದುಹೋಯಿತು.

ಶಿರಾಳಕೊಪ್ಪದಲ್ಲಿ ಬೋರ್ಡು ಇರುವುದು ಲೈಸೆನ್ಸಿಗೆ. ಹೆಸರು ಇಡುವುದು ಊರು. ಮೂಲೆಯ ಪಾತ್ರೆ ಅಂಗಡಿ ಇವತ್ತಿಗೂ 'ಮೂರು ಮೆಟ್ಟಿಲಂಗಡಿ'. ಡಾಂಬರು ಹಾಕಿ ಹಾಕಿ ರಸ್ತೆ ಏರಿ, ಆ ಮೆಟ್ಟಿಲು ಮಣ್ಣುಪಾಲಾಗಿ ಇಪ್ಪತ್ತು ವರ್ಷವಾಯಿತು. ಎದುರಿನ ಬಟ್ಟೆ ಅಂಗಡಿ 'ಕೆಮ್ಮಪ್ಪನ ಅಂಗಡಿ'. ಕೆಮ್ಮಿದವರು ಹೋಗಿ ಎರಡು ತಲೆಮಾರು ಕಳೆದಿದೆ, ಈಗಿನವನು ಸೀನುವುದೂ ಇಲ್ಲ. ಹಾಗೆಯೇ ಗುರುಪ್ರಕಾಶ ಕೆಂಪು ದೀಪದಲ್ಲಿ ಮಿಣಮಿಣ ಎನ್ನಿಸಿದ್ದ 'ಶ್ರೀ ಗುರುಕೃಪಾ ಜನರಲ್ ಸ್ಟೋರ್ಸ್' ಊರಿನ ಹಿರಿಯರಿಗೆ 'ತೂಕಡಿಕೆ ಅಂಗಡಿ'.

ಅಂಗಡಿ ಇಟ್ಟವರು ಅಜ್ಜ ಮಲ್ಲೇಶಪ್ಪ. ಲಾಟೀನಿನ ಗಾಜಿನಿಂದ ಎತ್ತಿನ ಗೆಜ್ಜೆಯವರೆಗೆ ಅವರಲ್ಲಿ ಸಿಗದ ಸಾಮಾನಿರಲಿಲ್ಲ. ಸಿಗದೇ ಇದ್ದದ್ದು ಅವರೊಬ್ಬರೇ. ತೂಕ ಮಾಡುತ್ತ ಮಾಡುತ್ತ ತೂಕಡಿಸುತ್ತಿದ್ದರು. ತಕ್ಕಡಿ ಒಂದು ಕಡೆ ವಾಲಿದರೆ ಅವರು ಇನ್ನೊಂದು ಕಡೆ. ಮೊಮ್ಮಗನೋ ಈ ಕಳಂಕ ತೊಳೆಯಲು ದಿನಕ್ಕೆ ಏಳು ಟೀ ಕುಡಿದು, ಅಂಗಡಿಯಲ್ಲಿ ಒಮ್ಮೆಯೂ ಕಣ್ಣು ಮುಚ್ಚಿದವನಲ್ಲ. ದೇವರ ಫೋಟೋಕ್ಕೆ ಕೈಮುಗಿಯುವಾಗಲೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದ.

ಇಷ್ಟು ವರ್ಷ ಬಾಯಿಮಾತಿನಲ್ಲಿತ್ತು, ತಡೆದುಕೊಂಡಿದ್ದ. ಆದರೆ ಪುಸ್ತಕ! ಅಚ್ಚಾಗಿ ಲೈಬ್ರರಿ ಸೇರಿದರೆ ಏಳು ಜನ್ಮದ ಟೀ ಕುಡಿದರೂ ಅಳಿಸುವಂತಿಲ್ಲ.

"ನಾಗರಾಜಪ್ಪೋರೇ, ನಿಮ್ ಕೈಮುಗೀತೀನಿ. ಮೇಡಂ ಕೇಳಿದ್ರೆ ಆ ಹೆಸರು ಹೇಳ್ಬ್ಯಾಡ್ರಿ."

"ಛೇ ಛೇ! ನಾನ್ಯಾಕ್ ಹೇಳ್ಲಿ?" ಎಂದ ನಾಗರಾಜಪ್ಪ, ಯಾರಿಗೆಲ್ಲ ಹೇಳಬಹುದು ಎಂದು ಲೆಕ್ಕ ಹಾಕುವ ಮುಖದಲ್ಲಿ.

ಅಂಗಡಿಯ ಕಟ್ಟೆಯ ಮೇಲೆ ವೀಳ್ಯದೆಲೆ ಮಾರುವ ಹುಚ್ಚಮ್ಮ ಕೂತಿದ್ದಳು. ಕಟ್ಟೆಯ ಮಟ್ಟಿಗೆ ಅವಳು ಗುರುಪ್ರಕಾಶನಿಗಿಂತ ಸೀನಿಯರ್.

"ಹುಚ್ಚಮ್ಮಾ, ನಮ್ ಅಂಗಡಿ ಹೆಸರೇನು?"

"ಅಯ್ಯ, ಮರ್ತೋಯ್ತೇನೋ? ತೂಕ್..."

"ಹೇಳ್ಬ್ಯಾಡ! ಅದೇ ಹೇಳ್ಬ್ಯಾಡ ಅನ್ನಾಕೆ ಬಂದಿದ್ದು. ಗುರುಕೃಪಾ ಜನರಲ್ ಸ್ಟೋರ್ಸ್. ಎಲ್ಲಿ, ಹೇಳು?"

"ಗುರು... ಕಿರುಪ... ಜನ್ರಲ್... ಆಸ್ಪತ್ರೆ."

"ಆಸ್ಪತ್ರೆ ಅಲ್ಲ!"

"ಜನ್ರಲ್ ಅಂದ್ರೆ ಆಸ್ಪತ್ರೇನೇ ಕಣಾ. ನಮ್ ತಿಮ್ಮಮ್ಮನ್ನ ಅಲ್ಲೇ ಹಾಕಿದ್ರು."

ಅವಳು ಎಲೆ ಎಣಿಸುತ್ತ ಗಟ್ಟಿಯಾಗಿ ಪಾಠ ಒಪ್ಪಿಸತೊಡಗಿದಳು. ಅರ್ಧ ಗಂಟೆಯಲ್ಲಿ ಕೆನ್ನೆ ಬೋಂಡದಂತೆ ಊದಿದ್ದ ರೈತನೊಬ್ಬ ಅಂಗಡಿಗೆ ಬಂದು, ಬಾಯಿ ಅಗಲಿಸಿ ಸಕ್ಕರೆ ಡಬ್ಬದ ಮುಂದೆ ಕೂತ. ಅವನ ಹಲ್ಲು ನೋಡಿ ಲವಂಗ ಕೊಟ್ಟು ಕಳಿಸುವಷ್ಟರಲ್ಲಿ ಗುರುಪ್ರಕಾಶನಿಗೆ ಇನ್ನೊಂದು ಅಪಾಯ ಹೊಳೆಯಿತು. ಎದುರಿನ ಮೊಬೈಲ್ ಅಂಗಡಿಯ ಸೌಂದರ್ಯ! ಕಾಲೇಜು ಹುಡುಗಿ, ಮೇಡಂ ಮೊದಲು ಅವಳನ್ನೇ ಮಾತಾಡಿಸುವುದು.

"ಸೌಂದರ್ಯ, ಯಾರಾದ್ರೂ ಬಂದು ಕೇಳಿದ್ರೆ ನಮ್ದನ್ನ ತೂಕಡಿಕೆ ಅಂಗಡಿ ಅಂತ ಹೇಳ್ಬ್ಯಾಡಮ್ಮ."

ಸೌಂದರ್ಯ ಫೋನಿನಿಂದ ತಲೆ ಎತ್ತಿದಳು. "ಬಸ್ಸಿನೋರು ಕೂಗೋದು ನಿಮ್ ಅಂಗಡಿ ಹೆಸ್ರಾ ಅಂಕಲ್? ನಂಗ್ ಗೊತ್ತೇ ಇರ್ಲಿಲ್ಲ! ಎಷ್ಟ್ ಚೆನ್ನಾಗೈತೆ!"

ಬಾಯಿಯಿಂದ ಹೊರಟ ಮಾತನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಹಾಕುವ ಹಾಗಿದ್ದರೆ ಗುರುಪ್ರಕಾಶ ತನ್ನಲ್ಲಿದ್ದ ಅಷ್ಟೂ ಡಬ್ಬ ಖಾಲಿ ಮಾಡುತ್ತಿದ್ದ. ಅವನು ರಸ್ತೆ ದಾಟಿ ವಾಪಸು ಬರುವುದರೊಳಗೆ 'ನಮ್ಮ ಶಿರಾಳಕೊಪ್ಪ' ವಾಟ್ಸಾಪ್ ಗುಂಪಿನಲ್ಲಿ ಅಂಗಡಿಯ ಫೋಟೋ ಬಂದು, ಅದರ ಕೆಳಗೆ ನಿದ್ದೆ ಹೊಡೆಯುವ ಹಳದಿ ಮುಖಗಳು ಸಾಲಾಗಿ ಮಲಗಿದ್ದವು.

ಅಷ್ಟರಲ್ಲಿ ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಖಾಸಗಿ ಬಸ್ಸು ಬಂದು ಅಂಗಡಿ ಮುಂದೆ ನಿಂತಿತು. ಕಂಡಕ್ಟರ್ ಈಶ್ವರ್ ಬಾಗಿಲಲ್ಲಿ ಜೋತುಬಿದ್ದು, "ತೂಕಡಿಕೆ ಅಂಗ್ಡೀ... ತೂಕಡಿಕೆ ಅಂಗ್ಡೀ..." ಎಂದು ಕೂಗಿದ. ಗುರುಪ್ರಕಾಶ ಬಸ್ಸಿನ ಮೆಟ್ಟಿಲಿಗೇ ನೆಗೆದ.

"ಈಶ್ವರ್, ಇವತ್ತೊಂದಿನ ಹಂಗ್ ಹೇಳ್ಬ್ಯಾಡಪ್ಪ!"

"ಮತ್ತೆ ಸ್ಟಾಪಿಗೆ ಏನನ್ಲಿ? ಜನ ಇಳೀಬೇಕೋ ಬ್ಯಾಡ್ವೋ?"

"ಏನಾರ ಅನ್ನು. ಅದೊಂದ್ ಹೇಳ್ಬ್ಯಾಡ!" ಎಂದು ಬಸ್ಸು ಹೊರಟರೂ ಜೊತೆಗೇ ನಾಲ್ಕು ಮಾರು ಓಡಿದ. ಕಿಟಕಿಗಳಿಂದ ನಲವತ್ತು ತಲೆ ಹೊರಗೆ ಬಂದು ಇವನನ್ನು ನೋಡಿದವು.

ಸುಸ್ತಾಗಿ ಬಂದು ಕೂತರೆ ನಾಗರಾಜಪ್ಪ ಹಲ್ಲು ಕಿರಿಯುತ್ತ ಕಾದಿದ್ದ. "ಅಣ್ಣಾ, ನೀವೊಬ್ರೇ ಎಷ್ಟಂತ ಓಡಾಡ್ತೀರಿ? ಇವತ್ತು ಸಂತೆ ಬ್ಯಾರೆ. ಹಳ್ಳಿಯೋರಿಗೆಲ್ಲ ಯಾರು ಹೇಳೋರು? ಅದಕ್ಕೇ ನಾನೇ ಒಂದ್ ವ್ಯವಸ್ಥೆ ಮಾಡೀನಿ."

"ಏನ್ ಮಾಡಿದ್ರಿ?" ಎಂದು ಗುರುಪ್ರಕಾಶ ಕೇಳುವ ಅಗತ್ಯ ಬೀಳಲಿಲ್ಲ. ಸಂತೆಮಾಳದ ಕಡೆಯಿಂದ ವ್ಯವಸ್ಥೆಯೇ ಕೂಗಿಕೊಂಡು ಬಂತು. ಪರಶುರಾಮನ ಮೈಕು ಕಟ್ಟಿದ ಆಟೋ. ಸೀರೆ ಸೇಲಿನಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲವನ್ನೂ ಒಂದೇ ರಾಗದಲ್ಲಿ ಸಾರುವ ಗಂಟಲು ಅವನದು.

"ಮಾನ್ಯರೇಏಏ... ಮಹಿಳೆಯರೇಏಏ... ಸೊರಬ ರಸ್ತೆಯಲ್ಲಿರುವಂಥಾ ಗುರುಪ್ರಕಾಶಣ್ಣೋರ ಅಂಗಡಿಯನ್ನ ಇನ್ನು ಮುಂದೆ ಯಾರೂವೇ... ಯಾವುದೇ ಕಾರಣಕ್ಕೂವೇ... ತೂಕಡಿಕೆ ಅಂಗಡಿ ಎಂದು ಕರೆಯಬಾರದಾಗಿ ವಿನಂತೀಈಈ! ಮತ್ತೊಮ್ಮೆ ಕೇಳಿರಿ! ತೂ! ಕ! ಡಿ! ಕೆ!"

ಗುರುಪ್ರಕಾಶ ಪಂಚೆ ಎತ್ತಿ ಕಟ್ಟಿ ಸಂತೆಯೊಳಗೆ ನುಗ್ಗಿದ. ಈರುಳ್ಳಿ ರಾಶಿ ಹಾರಿದ, ಬದನೆಕಾಯಿ ಬುಟ್ಟಿ ಹಾರಲಾಗದೆ ಅದರೊಳಗೇ ಇಳಿದ, ಒಂದು ಚಪ್ಪಲಿ ಅಲ್ಲೇ ಬಿಟ್ಟ. "ಹೇಳ್ಬ್ಯಾಡ್ವೋ ಪರಶಾ! ಹೇಳ್ಬ್ಯಾಡ್ವೋ!"

ಮೈಕಿನ ಗದ್ದಲದಲ್ಲಿ ಪರಶುರಾಮನಿಗೆ ಕಂಡದ್ದು ಗಿರಾಕಿ ಕೈಬೀಸುತ್ತ ಹಿಂದೆ ಬರುತ್ತಿರುವುದಷ್ಟೇ. ಆಟೋದಿಂದ ತಲೆ ಹೊರಹಾಕಿ, "ಸೌಂಡ್ ಸಾಲ್ತಿಲ್ವೇನಣ್ಣಾ?" ಎಂದು ಇನ್ನೊಂದು ಸುತ್ತು ತಿರುಗಿಸಿದ.

ಈಸೂರಿನಿಂದ ಹಗ್ಗ ಕೊಳ್ಳಲು ಬಂದವರು, ಬಳ್ಳಿಗಾವಿಯಿಂದ ಸೌತೆಕಾಯಿ ಮಾರಲು ಬಂದವರು, ಹುಟ್ಟಿದಂದಿನಿಂದ ಆ ಹೆಸರು ಕೇಳದವರೆಲ್ಲ "ಯಾವ್ದಪ್ಪಾ ಅದು? ಯಾಕ್ ಹೇಳ್ಬಾರ್ದಂತೆ?" ಎನ್ನುತ್ತ ಅಂಗಡಿ ನೋಡಲು ಬಂದು ಸೇರಿದರು. ಬಂದವರಿಗೆಲ್ಲ ಗುರುಪ್ರಕಾಶ ಒಂದೇ ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಕೈಮುಗಿದ. "ಹೇಳ್ಬ್ಯಾಡ್ರಿ. ದಯವಿಟ್ಟು ಹೇಳ್ಬ್ಯಾಡ್ರಿ." ಮಧ್ಯಾಹ್ನದ ಟ್ರಿಪ್ಪಿನಲ್ಲಿ ಈಶ್ವರನ ಬಸ್ಸು ಬಂದಾಗಲೂ ಗಂಟಲು ಒಡೆದು 'ಹೇಳ್ಬ್ಯಾಡಪ್ಪಾ' ಎಂದೇ ಕೂಗಿದ. ಈಶ್ವರ್ ನಕ್ಕು ಸೀಟಿ ಊದಿದ.

ನಾಲ್ಕು ಗಂಟೆಗೆ ದೀಪಶ್ರೀ ಮೇಡಂ ಬಂದರು. ಹೆಗಲಿಗೆ ಖಾದಿ ಚೀಲ, ಕೈಯಲ್ಲಿ ದಪ್ಪ ನೋಟುಪುಸ್ತಕ. ಜನ ಎರಡು ಸಾಲಾಗಿ ದಾರಿ ಬಿಟ್ಟರು.

"ಅಮ್ಮಾ, ಈ ಅಂಗಡಿಗೆ ನೀವು ಏನಂತೀರಿ?" ಎಂದು ಮೊದಲು ಹುಚ್ಚಮ್ಮನನ್ನೇ ಕೇಳಿದರು.

ಹುಚ್ಚಮ್ಮ ಗುರುಪ್ರಕಾಶನನ್ನು ನೋಡಿದಳು. ಎಲೆಯ ಕಟ್ಟನ್ನು ಎದೆಗೆ ಒತ್ತಿಕೊಂಡಳು. "ನಾನ್ ಹೇಳಂಗಿಲ್ಲ."

"ನೀವು ಹೇಳಿ."

"ಕುತ್ತಿಗೆ ಕುಯ್ದ್ರೂ ಹೇಳಂಗಿಲ್ಲ ಮೇಡಂ," ಎಂದ ನಾಗರಾಜಪ್ಪ, ಕೊರಳಲ್ಲಿದ್ದ ಅಳತೆ ಟೇಪು ಹಿಡಿದು.

ಹಿಂದಿನಿಂದ ಯಾರೋ, "ನಮ್ಗೂ ಬ್ಯಾಡ ಅಂದಾರೆ," ಎಂದರು. ಮೇಡಂ ಗಾಬರಿಯಾಗಿ ದನಿ ತಗ್ಗಿಸಿದರು. "ಇಲ್ಲಿ ಏನಾದ್ರೂ... ಕೊಲೆ ಗಿಲೆ ಆಗಿತ್ತಾ?"

"ಅಯ್ಯಯ್ಯೋ, ಇಲ್ಲ ಮೇಡಂ! ಬರೀ ನಿದ್ದೆ!" ಎಂದುಬಿಟ್ಟ ಗುರುಪ್ರಕಾಶ ನಾಲಗೆ ಕಚ್ಚಿಕೊಂಡ.

ಮೇಡಂ ನಕ್ಕರು. "ಗೊತ್ತಾಯ್ತು ಬಿಡಿ. ಬಸ್‌ಸ್ಟ್ಯಾಂಡಲ್ಲೇ ಮೈಕಲ್ಲಿ ಕೇಳ್ದೆ. ಆದ್ರೆ ಹೆದರ್ಬೇಡಿ. ನಾನು ಕೇಳಿದಾಗ ಯಾರೂ ಆ ಹೆಸರು ಅನ್ಲಿಲ್ಲ. ಯಾರ ಒತ್ತಾಯಾನೂ ಇಲ್ದೆ, ಜನ ತಾವಾಗೇ ಇವತ್ತು ಬಳಸೋ ಹೆಸರಿದ್ರೆ ಮಾತ್ರ ಬರೀತೀನಿ. ಇಲ್ಲಾಂದ್ರೆ ಬೋರ್ಡಿನ ಹೆಸರೇ." ಎಂದು ದುಂಡಗಿನ ಅಕ್ಷರದಲ್ಲಿ ಬರೆದು ತೋರಿಸಿದರು. 'ಶ್ರೀ ಗುರುಕೃಪಾ ಜನರಲ್ ಸ್ಟೋರ್ಸ್, ಸೊರಬ ರಸ್ತೆ.'

ಗುರುಪ್ರಕಾಶನ ಕಣ್ಣಲ್ಲಿ ನೀರಾಡಿತು. ಜೀವಮಾನದಲ್ಲಿ ಮೊದಲ ಬಾರಿ ಅಂಗಡಿಯಲ್ಲಿ ಕಣ್ಣು ಮುಚ್ಚಿ ದೇವರಿಗೆ ಕೈಮುಗಿದ. ಮೇಡಮ್ಮಿಗೆ ಶರಬತ್ತು, ನೆರೆದವರಿಗೆಲ್ಲ ಪೆಪ್ಪರಮೆಂಟು. ಮೇಡಂ ಸೊರಬದ ಅಂಗಡಿಗಳನ್ನೂ ನೋಡಬೇಕೆಂದು ನೋಟುಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಟರು. ಸಂಜೆಯ ಬಸ್ಸು ಮೂಲೆ ತಿರುಗಿ ಬಂದೇ ಬಂತು. ಗುರುಪ್ರಕಾಶ ತಾನೇ ಅಡ್ಡ ನಿಂತು ಕೈ ಮಾಡಿದ.

ಬಸ್ಸು ನಿಂತಿತು. ಬಾಗಿಲಲ್ಲಿ ಜೋತಿದ್ದ ಈಶ್ವರ್ ತುಂಬು ಗಂಟಲಲ್ಲಿ ಕೂಗಿದ.

"ಹೇಳ್ಬ್ಯಾಡಪ್ಪನ ಅಂಗ್ಡೀ! ಯಾರ್ರೀ ಹೇಳ್ಬ್ಯಾಡಪ್ಪನ ಅಂಗ್ಡೀ? ಬೇಗ್ ಇಳೀರಿ!"

ಐದಾರು ಮಂದಿ ಚೂರೂ ಅನುಮಾನವಿಲ್ಲದೆ ಇಳಿದರು. ಇಳಿದ ಹೆಂಗಸೊಬ್ಬಳು ಫೋನಿನಲ್ಲಿ, "ಹೂಂ ಕಣೇ ನಾಗಶ್ರೀ, ಇಲ್ಲೇ ಹೇಳ್ಬ್ಯಾಡಪ್ಪನ ಅಂಗ್ಡಿ ಹತ್ರ ನಿಂತೀನಿ, ಬಾ," ಎಂದಳು.

ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ದೀಪಶ್ರೀ ಮೇಡಂ ಅಲ್ಲೇ ನಿಂತರು. ಮುಖ ಅರಳಿತು. ಚೀಲದೊಳಗೆ ಕೈ ಹೋಯಿತು, ನೋಟುಪುಸ್ತಕ ಹೊರಗೆ ಬಂತು, ಪೆನ್ನಿನ ಕ್ಯಾಪು ಹಲ್ಲಿಗೆ ಸಿಕ್ಕಿತು.

"ಎಷ್ಟು ಚೆಂದದ ಹೆಸರು! ಯಾವ ಅಂಗಡಿರೀ ಅದು? ನಂಗೆ ಯಾರೂ ಹೇಳಲೇ ಇಲ್ವಲ್ಲ?"

ಗುರುಪ್ರಕಾಶ ಎರಡೂ ಕೈ ಮೇಲೆತ್ತಿ ಬಸ್ಸಿನ ಕಡೆ ಓಡಿದ. "ಹೇಳ್ಬ್ಯಾಡ್ರಪ್ಪೋ! ಹೇಳ್ಬ್ಯಾಡ್ರೀ!"

"ಅಗೋ, ಅವ್ರೇ ಬಂದ್ರು ನೋಡ್ರಿ ಮೇಡಂ," ಎಂದ ಈಶ್ವರ್. "ಬರ್ಕೊಳ್ರಿ."