ಧಾರಾವಾಹಿಯ ಅತ್ತೆಗೆ ನನ್ನ ಮಾತು

ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಷೇರು ಮಾರುಕಟ್ಟೆ, ನನಗೆ ಕನ್ನಡ ಧಾರಾವಾಹಿ. ಇದನ್ನು ಇಷ್ಟು ಧೈರ್ಯವಾಗಿ ಹೇಳಿಕೊಳ್ಳುತ್ತಿರುವುದು ಇದೇ ಮೊದಲು. ಸಿಡ್ನಿಯ ವೆಸ್ಟ್‌ಮೀಡಿನಲ್ಲಿ ಫಾರ್ಮಸಿಸ್ಟ್ ಆಗಿರುವ, ಜೊತೆಯವರೆದುರು ಡಾಕ್ಯುಮೆಂಟರಿ ಬಿಟ್ಟು ಬೇರೇನೂ ನೋಡದವಳಂತೆ ಮಾತಾಡುವ ಹೆಂಗಸು ಸಂಜೆ ಮನೆಗೆ ಬಂದು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಚಪಾತಿ ಲಟ್ಟಿಸುತ್ತ, ಒಬ್ಬ ಅತ್ತೆ ತನ್ನ ಸೊಸೆಯನ್ನು ಮನೆಯಿಂದ ಹೊರಹಾಕುವುದನ್ನು ಮೂರು ವಾರ ನೋಡುತ್ತಾಳೆಂದರೆ ಯಾರು ನಂಬುತ್ತಾರೆ? ಹೊರಹಾಕಲು ಮೂರು ವಾರ ಯಾಕೆ ಬೇಕು ಎಂದು ಕೇಳುವವರು ಧಾರಾವಾಹಿ ನೋಡಿದವರೇ ಅಲ್ಲ. ಅತ್ತೆ ಬಾಗಿಲು ತೋರಿಸಬೇಕು, ಮನೆಯವರ ಒಂದೊಂದು ಮುಖವನ್ನೂ ಕ್ಯಾಮೆರಾ ಹತ್ತಿರ ಹೋಗಿ ವಿಚಾರಿಸಬೇಕು, ಹಿತ್ತಾಳೆ ತಟ್ಟೆ ಕೆಳಗೆ ಬೀಳಬೇಕು, ಗುಡುಗಬೇಕು. ಅಷ್ಟರಲ್ಲಿ ಜಾಹೀರಾತು ಬರುತ್ತದೆ. ಸೊಸೆ ಮಾತ್ರ ಒಂದಕ್ಷರ ಮಾತಾಡದೆ ಅಳುತ್ತ ನಿಂತಿರುತ್ತಾಳೆ.

ಆ ದಿನಗಳಲ್ಲಿ ನಮ್ಮ ಮನೆಯಲ್ಲೂ ಒಬ್ಬಳು ಮಾತು ಬಿಟ್ಟಿದ್ದಳು. ಮಗಳು ಶ್ರಾವ್ಯ, ಹದಿನಾರು ವರ್ಷ, ಇಯರ್ ಇಲೆವೆನ್, ಅಂದರೆ ಹನ್ನೊಂದನೆಯ ತರಗತಿ. ಮೊದಲು ಸೋಮವಾರ ಹೊಟ್ಟೆನೋವು ಎಂದಳು, ಆಮೇಲೆ ಬುಧವಾರ ತಲೆನೋವು ಎಂದಳು, ಕಡೆಗೆ ಕಾರಣ ಹೇಳುವುದನ್ನೂ ಬಿಟ್ಟು ರೂಮಿನ ಬಾಗಿಲು ಹಾಕಿಕೊಂಡಳು. ಹೀಗೇ ಆದರೆ ಅವಳು ಶಾಲೆಯನ್ನೇ ಬಿಟ್ಟುಬಿಡಬಹುದು ಎಂದು ಟೀಚರು ಫೋನಿನಲ್ಲಿ ಬಹಳ ನಯವಾಗಿ ಹೇಳಿದರು. ಆ ನಯಕ್ಕೇ ನಾನು ಹೆದರಿದೆ. ನನ್ನ ಯಜಮಾನರು ಶ್ರೀಧರ್ ನಾರ್ತ್ ಸಿಡ್ನಿಯ ಐಟಿ ಕಂಪನಿಯಲ್ಲಿರುವವರು. ಜಗತ್ತಿನ ಎಲ್ಲ ಸಮಸ್ಯೆಗೂ ಎಲ್ಲೋ ಒಂದು ವಿಡಿಯೋ ಇದ್ದೇ ಇದೆ ಎಂದು ನಂಬಿದವರು. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡಿ ಕೋಟ್ಯಧೀಶನಾದ ಯಾರದೋ ಭಾಷಣವನ್ನು ಮಗಳಿಗೆ ಕಳಿಸಿದರು. ಮಗಳು ಅದನ್ನು ತೆರೆಯಲೂ ಇಲ್ಲ. ಅದರಿಂದ ಸ್ಫೂರ್ತಿ ಪಡೆದವರು ಅವರೊಬ್ಬರೇ. ಒಂದು ವಾರ ತಣ್ಣೀರು ಸ್ನಾನ ಮಾಡಿ ನೆಗಡಿ ಹಿಡಿಸಿಕೊಂಡರು. ಮೆಲ್ಬರ್ನಿನಲ್ಲಿರುವ ನನ್ನ ತಂಗಿ, "ಅಕ್ಕಾ, ಮೊದಲು ಫೋನ್ ಕಿತ್ಕೊಂಡ್ಬಿಡು" ಎಂದಳು. ಕಿತ್ತುಕೊಂಡೆ. ಮಗಳು ಗೋಡೆ ಕಡೆ ತಿರುಗಿ ಮಲಗಿದಳು. ಹೆದರಿಕೆಯಾಗಿ ನಾನೇ ವಾಪಸ್ ಕೊಟ್ಟೆ. ಇನ್ನು ನನ್ನ ಪಾಲಿಗೆ ಉಳಿದದ್ದು ಬಾಗಿಲ ಹೊರಗೆ ನಿಂತು ಭಾಷಣ ಮಾಡುವುದು. ಅದರಲ್ಲಿ ನಾನು ಎತ್ತಿದ ಕೈ.

ಕೊನೆಗೆ ಶಾಲೆಯವರೇ ನಮ್ಮ ಸಬರ್ಬಿನ ಯುವಕೇಂದ್ರದ ಶನಿವಾರದ ಕ್ಲಾಸಿಗೆ ಅವಳ ಹೆಸರು ಬರೆಸಿದರು. ಶಾಲೆಯೆಂದರೆ ಮುಖ ತಿರುಗಿಸುವ ಮಕ್ಕಳಿಗೆಂದೇ ಇದ್ದದ್ದು ಅದು. ನಡೆಸುವವಳು ಟ್ರೇಸಿ, ಎರಡೂ ತೋಳಿನ ತುಂಬ ಹಚ್ಚೆ. ಅವಳು ಮಕ್ಕಳಿಗೆ ಕೊಟ್ಟ ಕೆಲಸ ಇಷ್ಟೇ: ನಿಮ್ಮ ಮನೆಯವರು ನೋಡುವುದರಲ್ಲಿ ನಿಮಗೆ ಯಾವುದನ್ನು ಕಂಡರೆ ಆಗುವುದಿಲ್ಲವೋ ಅದರ ಒಂದು ದೃಶ್ಯ ತನ್ನಿ, ಶಬ್ದ ತೆಗೆದುಹಾಕಿ, ನಿಮಗೆ ತೋಚಿದ ಮಾತು ಸೇರಿಸಿ. ಓದಲು ಒಲ್ಲದ ಮಕ್ಕಳಿಗೆ ಟೀವಿ ತೋರಿಸುವುದಂತೆ, ಇದಕ್ಕೊಂದು ಕ್ಲಾಸು ಬೇರೆ ಎಂದು ನಾನು ಕಾರಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಶ್ರಾವ್ಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಮಾರನೆಯ ಸಂಜೆ ಅವಳು ತಾನಾಗಿ ಅಡುಗೆಮನೆಗೆ ಬಂದಳು. "ಅಮ್ಮಾ, ದಟ್ ಯೆಲ್ಲಿಂಗ್ ಲೇಡಿ... ವಾಟ್ ಈಸ್ ಶಿ ಸೇಯಿಂಗ್?" ಎಂದಳು. ಅತ್ತೆ ಆಗ "ಮನೆಹಾಳಿ!" ಎಂದು ಕಿರುಚುತ್ತಿದ್ದಳು. ಮನೆಯನ್ನು ಕೆಡವುವವಳು ಎಂದು ವಿವರಿಸಿದೆ. "ಲೈಕ್ ಎ ಬಿಲ್ಡರ್?" ಎಂದಳು. ಎಷ್ಟೋ ವಾರದ ಮೇಲೆ ಇಬ್ಬರೂ ನಕ್ಕೆವು. ಅಂದಿನಿಂದ ದಿನವೂ ಕಟ್ಟೆಯ ಮೇಲೆ ಕೂತು, ಕಾವಲಿಯಿಂದ ಇಳಿದ ಚಪಾತಿಯನ್ನು ಹಾಗೇ ತಿನ್ನುತ್ತ, ಬೈಗುಳಗಳ ಅರ್ಥ ಕೇಳತೊಡಗಿದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಡಬ್ಬಿಂಗ್ ಮಾತ್ರ ಕನ್ನಡದಲ್ಲೇ ಎಂದು ಹಟ ಹಿಡಿದಳು. ಯಾಕೆ ಎಂದರೆ, "ಇಂಗ್ಲಿಷಲ್ಲಿ ಬೈದ್ರೆ ಇಟ್ ಡಸಂಟ್ ಹರ್ಟ್, ಅಮ್ಮ" ಎಂದಳು. ನನಗೆ ಮಾತೃಭಾಷೆಯ ಬಗ್ಗೆ ಹೆಮ್ಮೆಯಾಯಿತು. ಅವಳ ಆ ಮಾತಿನ ಒಳಗೆ ಏನಿತ್ತೆಂದು ಯೋಚಿಸಲಿಲ್ಲ.

ಯುವಕೇಂದ್ರದಲ್ಲಿ ಮಕ್ಕಳ ವಿಡಿಯೋಗಳ ಪ್ರದರ್ಶನದ ದಿನ ಅಪ್ಪ ಅಮ್ಮಂದಿರೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಪರದೆಯ ಮೇಲೆ ನಮ್ಮ ಧಾರಾವಾಹಿಯ ಅತ್ತೆ, ಜರಿ ಸೀರೆ, ಬೆರಳಿಗೊಂದು ಉಂಗುರ, ಬಾಗಿಲ ಕಡೆ ತೋಳು ಚಾಚಿ ಬಾಯಿ ತೆರೆದಳು. "ಗಂಟೆ ಒಂಬತ್ತಾಯ್ತು, ಇನ್ನೂ ಎದ್ದಿಲ್ವಾ? ಎಪ್ಪಿಂಗ್‌ನಲ್ಲಿರೋ ಆಂಟಿ ಮಗಳನ್ನ ನೋಡು, ಎಂಟ್ರೆನ್ಸ್ ಬರೆದು ಸೆಲೆಕ್ಟಿವ್ ಸ್ಕೂಲು, ಮೇಲೆ ಪಿಯಾನೋ! ನಿನಗೋಸ್ಕರ ಅಲ್ವೇನೇ ನಾವು ಈ ದೇಶಕ್ಕೆ ಬಂದಿದ್ದು?" ದನಿ ಶ್ರಾವ್ಯಳದು, ಮಾತು ನನ್ನದು, ಒಂದಕ್ಷರ ಆಚೀಚೆ ಇಲ್ಲ. ಕ್ಯಾಮೆರಾ ಮಾವನ ಮುಖಕ್ಕೆ ಹೋಯಿತು. "ತಣ್ಣೀರು ಸ್ನಾನ ಮಾಡು!" ಎಂದ ಮಾವ. ಮೈದುನನ ಮುಖಕ್ಕೆ ಹೋಯಿತು. "ಮಾರ್ಟ್‌ಗೇಜ್!" ಎಂದ ಮೈದುನ. ತಟ್ಟೆ ಬಿತ್ತು. ಕೆಳಗೆ ಇಂಗ್ಲಿಷ್ ಸಾಲುಗಳನ್ನು ಓದುತ್ತ ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಶ್ರೀಧರ್ ಜೋರಾಗಿ ಸೀನಿದರು. ಪಕ್ಕದಲ್ಲಿದ್ದ ಲೆಬನಾನಿನ ಹೆಂಗಸು ನನ್ನ ಕಡೆ ಬಾಗಿ, ಈಕೆ ಥೇಟ್ ನಮ್ಮತ್ತೆ ಎಂದಳು. "ಹೌದು, ಬಹಳ ಕೆಟ್ಟ ಹೆಂಗಸು" ಎಂದೆ.

ಆಮೇಲೆ ಸೊಸೆಯ ಮುಖ ಬಂತು. ಧಾರಾವಾಹಿಯಲ್ಲಿ ತುಟಿ ನಡುಗಿಸುತ್ತ ಸುಮ್ಮನೆ ಅಳುವವಳು. ಆ ಅಳುವಿನ ಮೇಲೆ ನನ್ನ ಮಗಳು ಮೆಲ್ಲಗೆ ಮಾತಾಡಿದಳು. "ನಾನು ಸೋಮಾರಿ ಅಲ್ಲಮ್ಮ. ಸ್ಕೂಲ್ ಗೇಟ್ ಹತ್ರ ಹೋದ್ರೆ ಉಸಿರೇ ಬರಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ. ಗೊತ್ತಿದ್ರೆ ಹೇಳ್ತಿದ್ದೆ."

ಯಾರೂ ನಗಲಿಲ್ಲ. ನನಗೆ ಅಳು ಒತ್ತರಿಸಿಕೊಂಡು ಬಂತು. ಬಾಗಿಲ ಈಚೆಗೆ ನಿಂತು ಅಷ್ಟು ಮಾತಾಡಿದ್ದೆ, ಆಚೆಗೆ ಹೀಗೊಂದು ಮಾತು ಕಾದಿದೆ ಎಂದು ಹೊಳೆದೇ ಇರಲಿಲ್ಲ. ಮನೆಗೆ ಹೋಗುವಾಗ ಕಾರಿನಲ್ಲಿ, "ನಾನು ಅಷ್ಟು ಕಿರುಚ್ತೀನೇನೇ?" ಎಂದು ಕೇಳಿದೆ. "ನೋ ಅಮ್ಮ. ಐ ಟೋನ್ಡ್ ಇಟ್ ಡೌನ್" ಎಂದಳು.

ಮುಂದಿನದೆಲ್ಲ ನಿಧಾನವಾಗಿ ನಡೆಯಿತು. ಡಾಕ್ಟರನ್ನು ಕಂಡೆವು. ಶಾಲೆಯವರು ಮೊದಲು ವಾರಕ್ಕೆರಡು ದಿನ ಸಾಕು ಎಂದರು. ಆರಂಭದಲ್ಲಿ ಟ್ರೇಸಿ ಗೇಟಿನವರೆಗೆ ಜೊತೆಗೆ ನಡೆದು, ಉಸಿರು ಹದಕ್ಕೆ ಬರುವವರೆಗೂ ಅಲ್ಲೇ ನಿಂತು ಅದೂ ಇದೂ ಹರಟುತ್ತಿದ್ದಳು. ಆ ಹಚ್ಚೆಯ ತೋಳುಗಳಿಗೆ ನಾನು ಎಷ್ಟು ಚಕ್ಕುಲಿ ಡಬ್ಬಿ ಕೊಟ್ಟರೂ ಕಡಿಮೆಯೇ. ಬೆಂಗಳೂರಿನ ಯಾವ ಮೂಲೆಯಲ್ಲಿ ಕೂತು ಆ ಕಥೆ ಬರೆಯುತ್ತಾರೋ ಆ ಪುಣ್ಯಾತ್ಮರ ಹೊಟ್ಟೆಯೂ ತಣ್ಣಗಿರಲಿ. ಸೊಸೆಗೆ ಮಾತು ಬರೆಯದೆ ಬಿಟ್ಟು ಅವರು ನನ್ನ ಮಗಳಿಗೆ ಜಾಗ ಮಾಡಿಕೊಟ್ಟರು.

ಈಗ ಶ್ರಾವ್ಯಳ ಡಬ್ಬಿಂಗಿನ ಎರಡನೆಯ ಭಾಗ ತಯಾರಾಗುತ್ತಿದೆ. ಈ ಸಲ ಅತ್ತೆಗೆ ದೊಡ್ಡವರ ದನಿಯೇ ಬೇಕೆಂದಳು. ಮೂಲ ಕಲಾವಿದೆ ಮನೆಯಲ್ಲೇ ಇರುವಾಗ ಹುಡುಕುವುದೇಕೆ ಎಂದು ನಾನು ಸೆರಗು ಸಿಕ್ಕಿಸಿ ಮೈಕಿನ ಮುಂದೆ ನಿಂತೆ. ಗಂಟಲು ಸರಿಮಾಡಿಕೊಂಡು, "ಇನ್ನೂ ಎದ್ದಿಲ್ವಾ?" ಎಂದೆ. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಅಂದೆ. ಹೆಡ್‌ಫೋನ್ ತೆಗೆದು ನಿಟ್ಟುಸಿರು ಬಿಟ್ಟಳು. "ಸಾರಿ ಅಮ್ಮ, ನಿಂಗೆ ಬೈಯೋಕೇ ಬರ್ತಿಲ್ಲ. ಪ್ರಾಕ್ಟೀಸ್ ಮಾಡ್ಕೊಂಡು ಬಾ." ವರ್ಷಗಟ್ಟಲೆ ದಿನವೂ ಆಡಿದ ಪಾತ್ರಕ್ಕೆ ನನ್ನನ್ನೇ ಬೇಡ ಎನ್ನುವುದೆಂದರೇನು! ರೋಷ ಬಂದು, ನನಗೆ ಕೆಲಸಕ್ಕೆ ರಜೆಯಿದ್ದ ದಿನ ತಡವಾಗಿ ಎದ್ದು, ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಅವಳ ಬಾಗಿಲ ಮುಂದೆ ನಿಂತು ಗಂಟಲು ಬಿಚ್ಚಿ ಕಿರುಚಿದೆ. ಬಹಳ ಚೆನ್ನಾಗಿಯೇ ಬಂತು. ಆದರೆ ಕೇಳುವುದಕ್ಕೆ ಒಳಗೆ ಯಾರೂ ಇರಲಿಲ್ಲ. ಅವಳು ಆಗಲೇ ಶಾಲೆಗೆ ಹೋಗಿಯಾಗಿತ್ತು.