ನಕ್ಕ ತಪ್ಪಿಗೆ ಪರಿಹಾರ ಕಳೆದುಕೊಂಡ ಅಣಬೆ ಚಿಕ್ಕಮ್ಮನ ಪರವಾಗಿ

ನೊಂದ ಜಮೀನುಗಳ ನೋವನ್ನು ಮೂರು ಪ್ರತಿಗಳಲ್ಲಿ ಸ್ವೀಕರಿಸುವವರೂ, ದುಂಡು ಮೊಹರಿನ ಒಡೆಯರೂ, ಮೇಜಿನ ಆಚೆ ಬದಿಯ ಏಕೈಕ ಚಕ್ರವರ್ತಿಗಳೂ ಆದ ಸಾಂಕ್ರಾಮಿಕ ಪರಿಹಾರ ವಿಭಾಗದ ಪರಿಶೀಲನಾಧಿಕಾರಿಗಳ ಪಾದಾರವಿಂದಗಳಿಗೆ, ಅವು ಕಾಣದಿದ್ದಲ್ಲಿ ಮೇಜಿಗೇ, ಸಾಷ್ಟಾಂಗ ವಂದನೆಗಳು.

ಮಾನ್ಯರೇ,

ನನ್ನ ಚಿಕ್ಕಮ್ಮ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಅಣಬೆ ಬೆಳೆಯುವವಳು. ಸೋಂಕಿನ ಕಾಲದಲ್ಲಿ ಹೋಟೆಲುಗಳು ಬಾಗಿಲು ಹಾಕಿದವು. ಆದರೆ ಹಗ್ಗಕ್ಕೆ ನೇತುಹಾಕಿದ ಹುಲ್ಲಿನ ಚೀಲಗಳಿಗೆ ಆ ಸುದ್ದಿ ಮುಟ್ಟದ ಕಾರಣ ಅವು ದಿನಕ್ಕೆರಡು ಬುಟ್ಟಿ ಅಣಬೆ ಹೆರುತ್ತಲೇ ಹೋದವು. ಚಿಕ್ಕಮ್ಮ ಓಣಿಗೆಲ್ಲ ಹಂಚಿದಳು. ಮೂರನೇ ವಾರಕ್ಕೆ ಬುಟ್ಟಿ ಕಂಡರೆ ಸಾಕು, ಪಕ್ಕದ ಮನೆಯ ದರ್ಜಿ ಕಿಟಕಿಯಿಂದಲೇ "ಬೇಡಕ್ಕ, ಮೊನ್ನೆದೇ ಇನ್ನೂ ಹೊಟ್ಟೇಲಿದೆ" ಎಂದು ಚಿಲಕ ಹಾಕಿಕೊಳ್ಳತೊಡಗಿದ. ಉಳಿದದ್ದು ಕಪ್ಪಾಗಿ, ಲೋಳೆಯಾಗಿ, ಗೊಬ್ಬರದ ಗುಂಡಿ ಸೇರಿತು. ಈಗ ಹೊಸ ಹುಲ್ಲಿಗೂ ಬೀಜಕ್ಕೂ ಗತಿಯಿಲ್ಲದೆ ಹಗ್ಗಗಳು ಖಾಲಿ ತೂಗುತ್ತಿವೆ. ಚಿಕ್ಕಮ್ಮ ಅದೇ ದರ್ಜಿಯ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಾಳೆ.

ಅವಳ ಅರ್ಜಿಯ ಮೇಲೆ ತಾವು ದಯಪಾಲಿಸಿದ ತೀರ್ಪಿಗೆ ನಾನು ಚೌಕಟ್ಟು ಹಾಕಿಸಬೇಕೆಂದಿದ್ದೇನೆ: "ಲಗತ್ತಿಸಿದ ಚಿತ್ರದಲ್ಲಿ ಬೆಳೆ ಹುಲುಸಾಗಿದೆ. ಅರ್ಜಿದಾರರು ನಗುತ್ತಿದ್ದಾರೆ. ನಷ್ಟ ಕಂಡುಬಂದಿಲ್ಲ. ತಿರಸ್ಕರಿಸಿದೆ."

ಆಹಾ, ಎಂಥ ಸೂಕ್ಷ್ಮದೃಷ್ಟಿ. ಹೊಲಕ್ಕೆ ಕಾಲಿಡದೆ, ಬರೀ ಹಲ್ಲು ನೋಡಿ ಫಸಲು ಅಳೆಯಬಲ್ಲ ತಮ್ಮಂಥವರಿರುವಾಗ ಕೃಷಿ ಇಲಾಖೆಗೆ ಜೀಪುಗಳೇಕೆ ಬೇಕು? ಆದರೂ ಅಜ್ಞಾನಿಗಳಾದ ನಮ್ಮ ಅನುಕೂಲಕ್ಕಾಗಿ, ನಷ್ಟಕ್ಕೆ ತಕ್ಕ ಮುಖದ ಮಾದರಿಯೊಂದನ್ನು ಸೂಚನಾ ಫಲಕಕ್ಕೆ ಅಂಟಿಸಬೇಕಾಗಿ ಕೋರುತ್ತೇನೆ. ಅರ್ಧ ಬೆಳೆ ಹೋದವರು ಒಂದೇ ಕಣ್ಣಿನಲ್ಲಿ ಅತ್ತರೆ ನಡೆದೀತೇ? ಅಳಲು ಬಾರದವರಿಗೆ ಇಲಾಖೆಯಿಂದ ಮೂರು ದಿನಗಳ ತರಬೇತಿ ಉಂಟೇ? ಮರುಅರ್ಜಿಗೆ ಶುಕ್ರವಾರ ಕಡೆಯ ದಿನವಂತೆ, ಅದಕ್ಕೆ ನಷ್ಟವಾದ ಬೆಳೆಯ ಹೊಸ ಚಿತ್ರವೂ ಬೇಕಂತೆ. ಹಾಗಾಗಿ ಕೊಳೆತ ಅಣಬೆಗಳು ಗೊಬ್ಬರದ ಗುಂಡಿಯಿಂದೆದ್ದು ಒಂದು ಗಂಟೆಯ ಮಟ್ಟಿಗೆ ಚೀಲಗಳಿಗೆ ಮರಳತಕ್ಕದ್ದೆಂದು ತಾವೊಂದು ಆದೇಶ ಹೊರಡಿಸಿದರೆ ಬಹಳ ಉಪಕಾರವಾದೀತು.

ಇತ್ತ ಚಿಕ್ಕಮ್ಮ, "ಮುಂದಿನ ಸಲ ಸ್ವಲ್ಪ ಅಳುಮುಖ ಮಾಡ್ಕೊಂಡು ಬನ್ನಿ ಅಮ್ಮ" ಎಂದು ತಮ್ಮ ಗುಮಾಸ್ತರು ಕೊಟ್ಟ ಹಿತವಚನವನ್ನು ಶಿರಸಾವಹಿಸಿ, ದಿನಾ ಕನ್ನಡಿಯ ಮುಂದೆ ಅಭ್ಯಾಸ ನಡೆಸಿದ್ದಾಳೆ. ನಡುನಡುವೆ ನನ್ನ ಕಡೆ ತಿರುಗಿ, "ಅಲ್ಲ ಕಣೋ, ಆ ಕತ್ತಲೇಲಿ ನಾನ್ಯಾವಾಗ ನಕ್ಕೆ?" ಎಂದು ಕೇಳುತ್ತಾಳೆ. ನಾನು ಗಂಭೀರವಾಗಿ ಕಿಟಕಿಯ ಹೊರಗೆ ನೋಡುತ್ತೇನೆ.

ತಮ್ಮ ಮೊಹರಿನ ಶಾಯಿ ಎಂದೂ ಒಣಗದಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಅಣಬೆ ಚಿಕ್ಕಮ್ಮನ ಅಕ್ಕನ ಮಗ

ಮರೆತಿದ್ದ ಮಾತು: ಕತ್ತಲೆ ಕೋಣೆಯಲ್ಲಿ ತೆಗೆದ ಚಿತ್ರಗಳೆಲ್ಲ ಬರೀ ಕಪ್ಪಾಗಿ ಬಂದಿದ್ದವು. ಆದ್ದರಿಂದ ಹಿಂದಿನ ವರ್ಷ ಪರರ ತೋಟದಲ್ಲಿ ನಾನೇ ಅವಳನ್ನು ನಗಿಸಿ ತೆಗೆದಿದ್ದ ಒಂದು ಚಿತ್ರವನ್ನು, ಚೆನ್ನಾಗಿದೆಯೆಂದು, ಅವಳಿಗೆ ಹೇಳದೆ ಅರ್ಜಿಗೆ ಅಂಟಿಸಿದೆ. ಅದರಲ್ಲಿದ್ದದ್ದು ಎಲೆಕೋಸು, ಅದನ್ನು ಅಣಬೆಯೆಂದೇ ತಾವು ಪರಿಶೀಲಿಸಿದ್ದಕ್ಕೆ ನಾನು ಚಿರಋಣಿ. ಅವಳ ಪ್ರಶ್ನೆ ತಾಳಲಾರದೆ, ಚಿತ್ರ ಅದಲುಬದಲಾದದ್ದು ತಮ್ಮ ಕಚೇರಿಯಲ್ಲೇ ಎಂದು ಈಗಷ್ಟೇ ಚಿಕ್ಕಮ್ಮನಿಗೆ ಹೇಳಿದ್ದೇನೆ, ಅವಳು ನಂಬಿಯೂ ಇದ್ದಾಳೆ. ಶುಕ್ರವಾರ ಅವಳು ಬಂದು ಬೈದರೆ ದಯವಿಟ್ಟು ಸುಮ್ಮನೆ ಬೈಸಿಕೊಂಡು ಅರ್ಜಿ ತೆಗೆದುಕೊಳ್ಳಿ. ಆ ಬೈಗುಳ ನನಗೆ ಸಲ್ಲಬೇಕಾದದ್ದು.